ಅಕ್ಕಾರ ಕಾರಿನ ಸ್ಟೇರಿಂಗ್

ಗಣಿ ಕಂಪನಿಯೊಂದರ ವರ್ಕ್‌ಶಾಪ್ ಫೋರ್‌ಮನ್ ಹುದ್ದೆಯಿಂದ ನಿವೃತ್ತನಾಗಿ, ನಾನು ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಸ್ವಂತ ಗ್ಯಾರೇಜು ತೆರೆದ ಮರುವರ್ಷದ ಮಾತು. ಕಂಪ್ಲಿಯ ಅಕ್ಕಿ ಗಿರಣಿ ಮಾಲೀಕ ಶರಣಬಸಪ್ಪನವರು ತಂದೆಯ ಕಾಲದ ವಿದೇಶಿ ಸ್ಪೋರ್ಟ್ಸ್ ಕಾರನ್ನು ಲಾರಿಯ ಮೇಲೆ ಹೇರಿಸಿಕೊಂಡು ಬಂದರು. ಕೆಂಪು ಬಣ್ಣ, ಮೇಲ್ಛಾವಣಿ ಇಲ್ಲ, ಎರಡೇ ಸೀಟು. ಜೊತೆಗೆ ಹೆಂಡತಿ ಅನ್ನಪೂರ್ಣಮ್ಮ ಇದ್ದರು.

ಆ ಕಾರಿನದು ಹಳೆಯ ಸ್ಟೇರಿಂಗ್ ಬಾಕ್ಸ್. ಒಳಗೆ ಸವೆದುಹೋಗಿ, ಸ್ಟೇರಿಂಗ್ ಅರ್ಧ ಗೇಣು ತಿರುಗಿದರೂ ಗಾಲಿ ಅಲ್ಲಾಡುತ್ತಿರಲಿಲ್ಲ. ಅಲ್ಲಾಡಿಸಲು ಪೈಲ್ವಾನನ ತೋಳು ಬೇಕು. ತಮ್ಮ ಹೊರತು ಅದನ್ನು ಯಾರೂ ಓಡಿಸಲಾರರೆಂಬುದು ಶರಣಬಸಪ್ಪನವರ ಹೆಮ್ಮೆ. ಈಗ ಅವರ ಭುಜವೇ ಕೈಕೊಟ್ಟಿತ್ತು.

"ರ‍್ಯಾಕ್ ಅಂಡ್ ಪಿನಿಯನ್ ಹಾಕಿಬಿಡ್ರಿ" ಎಂದರು.

ಇದರಲ್ಲಿ ಸ್ಟೇರಿಂಗಿನ ತುದಿಯ ಪುಟ್ಟ ಹಲ್ಲುಗಾಲಿಯಾದ ಪಿನಿಯನ್, ಹಲ್ಲುಳ್ಳ ಅಡ್ಡ ಸರಳಾದ ರ‍್ಯಾಕನ್ನು ನೇರವಾಗಿ ಎಡಬಲಕ್ಕೆ ಸರಿಸುತ್ತದೆ. ಆದರೆ ರ‍್ಯಾಕ್ ಕೂರಿಸುವ ಎತ್ತರ ತುಸು ತಪ್ಪಿದರೂ, ಗಾಲಿ ತಗ್ಗಿಗೆ ಇಳಿದಾಗ ಕಾರು ತಾನಾಗಿ ಪಕ್ಕಕ್ಕೆ ಹೊರಳುತ್ತದೆ. ಅದಕ್ಕೆ ಬಂಪ್ ಸ್ಟಿಯರ್ ಎನ್ನುತ್ತೇವೆ. ಮುಂದಿನ ಸ್ಪ್ರಿಂಗ್ ಬಿಚ್ಚಿ, ಜಾಕ್‌ನಿಂದ ಗಾಲಿಯನ್ನು ಎತ್ತಿ ಇಳಿಸುತ್ತ, ಅದು ದಿಕ್ಕು ಬದಲಿಸದ ಜಾಗ ಹುಡುಕುವುದರಲ್ಲೇ ವಾರ ಕಳೆಯಿತು.

ಟ್ರಯಲ್ ದಿನ ಅನ್ನಪೂರ್ಣಮ್ಮ, "ನಿಮ್ಮ ಭುಜ ಇನ್ನ ಆರಾಮ ಆಗಿಲ್ಲ. ನಾ ಓಡಸ್ತೀನಿ" ಎಂದರು. ಮನೆಯ ಇನ್ನೊಂದು ಕಾರನ್ನು ಓಡಿಸುತ್ತಿದ್ದವರು ಅವರೇ. ಪರೀಕ್ಷೆಗೆಂದು ನಾನು ಪಕ್ಕದಲ್ಲಿ ಕೂರಲೇಬೇಕಿತ್ತು. ಮಾಲೀಕರು ಗ್ಯಾರೇಜಿನ ಬಾಗಿಲಲ್ಲೇ ಉಳಿದರು.

ಸಂಡೂರು ಘಾಟಿಯ ತಿರುವುಗಳಲ್ಲಿ ಕಾರು ಆಕೆಯ ಬೆರಳಿನ ಮಾತು ಕೇಳಿತು. ಮರಳಿದಾಗ ಕೂದಲು ಕೆದರಿತ್ತು, ಮುಖ ಅರಳಿತ್ತು. ಶರಣಬಸಪ್ಪ ಕಾರಿನತ್ತ ತಿರುಗಲಿಲ್ಲ. ಆ ಮುಖವನ್ನೇ ನೋಡುತ್ತ, "ಇಷ್ಟೊತ್ತು ಬೇಕಾತೇನು?" ಎಂದರು.

ಭುಜ ವಾಸಿಯಾಗುವ ತನಕ ಕಾರನ್ನು ಅನ್ನಪೂರ್ಣಮ್ಮ ಒಬ್ಬರೇ ಓಡಿಸಿದರು. ವಾಸಿಯಾದ ಮೇಲೆ ಶರಣಬಸಪ್ಪನವರ ದೂರುಗಳು ಶುರುವಾದವು. ಎಡಕ್ಕೆ ಎಳೆಯುತ್ತದೆ ಎಂದರು. ಅಳೆದೆ, ಸರಿಯಿತ್ತು. ಭಾಳ ಹಗುರಾಗಿದೆ ಎಂದರು. ಅದಕ್ಕೂ ಸಮಾಧಾನ ಹೇಳಿದೆ. ಮತ್ತೊಮ್ಮೆ ಒಬ್ಬರೇ ಬಂದು, "ಇದನ್ನ ಬಿಚ್ಚಿ ಹಳೇ ಬಾಕ್ಸೇ ಹಾಕ್ರಿ" ಎಂದರು.

"ಯಾಕ್ರಿ ಸಾವ್ಕಾರ್ರ?"

"ನಾ ಓಡಿಸ್ಕೊಂಡು ಹೋದ್ರೂ ಪೆಟ್ರೋಲ್ ಬಂಕಿನಾಗ 'ಅಕ್ಕಾರ ಕಾರು ಬಂತು' ಅಂತಾರ. ಹಂಪಿಗೆ ಹೋದ್ರ ಫೋಟೋಕ್ಕ ಅಕಿನ್ನೇ ಕರೀತಾರ. ನಮ್ಮಪ್ಪನ ಕಾರ್ರಿ ಅದು. ನಾ ಪಕ್ಕಕ್ಕ ನಿಂತು ಚಪ್ಪಲ್ ಕಾಯಬೇಕೇನು?"

ಸವೆದ ಬಾಕ್ಸ್ ಹಾಕಿ ಘಾಟಿಗೆ ಕಳಿಸಿದರೆ ಜೀವಕ್ಕೇ ಅಪಾಯ. ಹಾಕುವುದಿಲ್ಲವೆಂದೆ. ಬೇರೆ ಕಡೆ ಹಾಕಿಸುತ್ತೇನೆಂದು ಎದ್ದರು. ಅವರ ಎದುರಿಗೇ ಅನ್ನಪೂರ್ಣಮ್ಮನವರಿಗೆ ಫೋನ್ ಮಾಡಿದೆ.

ಆಕೆ ಬಂದು ಎಲ್ಲ ಕೇಳಿಸಿಕೊಂಡರು. ಸಿಟ್ಟಾಗಲಿಲ್ಲ. "ಹಾಕಸ್ರಿ. ಆದ್ರ ಮೊದ್ಲು ನನ್ನ ಪಕ್ಕ ಕುಂದ್ರಿ, ದರೋಜಿ ತನಕ ಹೋಗಿ ಬರೂಣು."

ತಂದೆ ತೀರಿಕೊಂಡ ಮೇಲೆ ಶರಣಬಸಪ್ಪ ಎಡಗಡೆ ಸೀಟಿನಲ್ಲಿ ಕೂತದ್ದು ಅದೇ ಮೊದಲಂತೆ. ಹಿಂದಿರುಗಿ ಇಳಿದವರು ಬೆನ್ನು ಉಜ್ಜಿಕೊಂಡರು. "ಈ ಸೀಟಿನ ಸ್ಪ್ರಿಂಗ್ ಹಿಂಗ ಚುಚ್ಚತಾವಲ್ಲ! ಇಷ್ಟು ವರ್ಷ ಒಂದ್ ಮಾತ್ ಹೇಳಿಲ್ಲಲ್ಲ ನೀನು?"

"ಹೇಳಿದ್ದೆ. ಗಾಡಿ ಸಪ್ಪಳದಾಗ ನಿಮಗ ಕೇಳ್ಲಿಲ್ಲ."

ಶರಣಬಸಪ್ಪ ನನ್ನತ್ತ ತಿರುಗಿ, "ಬಾಕ್ಸ್ ಬ್ಯಾಡ. ಈ ಸೀಟ್ ಜಲ್ದಿ ಮಾಡಿಕೊಡ್ರಿ" ಎಂದರು. ಹಾಗಂತ ಹೊಟ್ಟೆಕಿಚ್ಚು ಆರಿತೆಂದು ಹೇಳಲಾರೆ. ಹೊರಡುವಾಗ ಕೀಲಿಗೆ ಮೊದಲು ಕೈ ಹಾಕಿದವರು ಅವರೇ.

ಅಂದಿನಿಂದ ಯಾವ ವಾಹನದ ದೂರು ಬಂದರೂ ಮೊದಲು ಅಳತೆ ಹಿಡಿಯುತ್ತೇನೆ. ಅಳತೆ ಸರಿಯಿದ್ದರೆ ಪಾನಾ ಕೆಳಗಿಟ್ಟು, ಮನೆಯಲ್ಲಿ ಇದನ್ನು ಇನ್ನು ಯಾರು ಓಡಿಸುತ್ತಾರೆ ಎಂದು ಕೇಳುತ್ತೇನೆ.