ಭಾವನ ಅಂಗಡಿಯಲ್ಲಿ ಬ್ಯಾಟರಿಯ ಭವಿಷ್ಯ

“ಆಸಿಡ್ ಬ್ಯಾಟ್ರಿ ಕಥೆ ಮುಗೀತು ಭಾವ, ಇನ್ನೇನಿದ್ರೂ ಲಿಥಿಯಂ” ಎಂದು ನಾನು ಹೇಳಿದ್ದೆನಂತೆ. ಬಸವೇಶ್ವರನಗರದ ಅಕ್ಕನ ಮನೆಯಲ್ಲಿ, ಒಂದು ಭಾನುವಾರ ಮಧ್ಯಾಹ್ನ, ಮುದ್ದೆ ಮುರಿಯುತ್ತಾ ಹೇಳಿದ್ದಂತೆ. ಭಾವ ಇದನ್ನು ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ನನ್ನ ನೆನಪಿನಲ್ಲಿರುವುದು ಬೇರೆ. “ಕಥೆ ಮುಗೀತು ಅಂತ ಎಲ್ಲರೂ ಬರೀತಾರೆ, ನಂಬಬೇಡಿ” ಎಂದಿದ್ದೆ. ಅಂದು ಬಸ್ಸಾರು ಮಾಡಿದ್ದರು ಎಂಬುದೂ ನೆನಪಿದೆ. ಭಾವ ಕೇಳಿದರೆ ಕೋಳಿ ಸಾರು ಎನ್ನುತ್ತಾರೆ. ತಿಂದ ಸಾರಿನ ಬಗ್ಗೆಯೇ ಒಮ್ಮತವಿಲ್ಲದ ಇಬ್ಬರು ಆಡಿದ ಮಾತಿನ ಬಗ್ಗೆ ಜಗಳವಾಡುವುದರಲ್ಲಿ ಅರ್ಥವಿಲ್ಲ. ಆದರೂ ಆಡಿದೆವು.

ಯಾಕೆಂದರೆ ಆ ಮಾತಿನ ಮೇಲೆ ಒಂದು ಅಂಗಡಿ ನಿಂತಿತ್ತು. ರಾಜಾಜಿನಗರದ ಕೈಗಾರಿಕಾ ಪ್ರದೇಶದ ಒಂದು ಕ್ರಾಸಿನಲ್ಲಿ ಭಾವ ಬ್ಯಾಟರಿ ಅಂಗಡಿ ಇಟ್ಟುಕೊಂಡಿದ್ದಾರೆ. ಆಟೊ, ಟೆಂಪೊ, ಮನೆಗಳ ಇನ್ವರ್ಟರ್, ಎಲ್ಲಕ್ಕೂ ಸೀಸ ಮತ್ತು ಆಸಿಡ್ಡಿನ ಬ್ಯಾಟರಿಗಳು. ಗೋಡೆಯುದ್ದಕ್ಕೂ ಒಂದು ಮರದ ಬೆಂಚಿತ್ತು. ಅದರ ಮೇಲೆ ಬ್ಯಾಟರಿಗಳನ್ನು ಸಾಲಾಗಿಟ್ಟು ಚಾರ್ಜ್ ಮಾಡುತ್ತಿದ್ದರು. ಆಸಿಡ್ ಕುಡಿದು ಕುಡಿದು ಅದರ ಹಲಗೆ ಕಪ್ಪಾಗಿತ್ತು, ಅಂಚು ಬೆಂದ ರೊಟ್ಟಿಯ ಹಾಗೆ ಉದುರುತ್ತಿತ್ತು. ಭಾವನ ಅಂಗಿಗಳಲ್ಲಿ ತೂತಿಲ್ಲದ ಅಂಗಿಯೇ ಇರಲಿಲ್ಲ. ಈ ಆಯುಧಪೂಜೆ ಕಳೆದ ಮೇಲೆ ಆ ಬೆಂಚನ್ನು ಕಿತ್ತು, ಅದೇ ಜಾಗದಲ್ಲಿ ಎಲೆಕ್ಟ್ರಿಕ್ ಆಟೊಗಳಿಗೆ ಲಿಥಿಯಂ ಪ್ಯಾಕ್ ಜೋಡಿಸುವುದೆಂದು ಅವರು ತೀರ್ಮಾನಿಸಿದ್ದರು. ಹೊಸದು ಕೈಕೊಟ್ಟರೆ ಹಿಂದಿರುಗಲು ಹಳೆಯ ಕಸುಬಿರುವುದಿಲ್ಲ. ಅಕ್ಕನ ಮನೆ ನಡೆಯುವುದು ಅದರಿಂದಲೇ. ಆಗ ಎಲ್ಲರ ಬೆರಳೂ ನನ್ನ ಕಡೆ ತಿರುಗುವುದು ಖಂಡಿತವಿತ್ತು.

ನನ್ನನ್ನು ಯಾಕೆ ನಂಬಿದರು ಎಂಬುದಕ್ಕೆ ಕಾರಣವಿದೆ. ಜ್ಞಾನಭಾರತಿಯಲ್ಲಿ ಅರ್ಥಶಾಸ್ತ್ರ ಓದಿ ನಾನು ಸೇರಿದ್ದು ಮಾರುಕಟ್ಟೆಯ ಮುನ್ನೋಟ ಬರೆದು ಮಾರುವ ಒಂದು ಕಚೇರಿಗೆ. ಈಗ ಕೆಲಕಾಲದಿಂದ ನನ್ನ ಪಾಲಿಗೆ ಬಂದಿರುವುದು ದೇಶದ ಬ್ಯಾಟರಿ ಉದ್ಯಮ. ಈ ಉದ್ಯಮದ ಭವಿಷ್ಯ ಹೇಗೆ ತಯಾರಾಗುತ್ತದೆ ಎಂದು ನಾನು ಬಲ್ಲೆ. ಗ್ರಾಫಿನಲ್ಲಿ ಸೊನ್ನೆಯ ಹತ್ತಿರದಿಂದ ಹೊರಟ ಗೆರೆ ಸ್ವಲ್ಪ ಏರಿದರೂ ಪರ್ವತದಂತೆ ಕಾಣುತ್ತದೆ. ಶಂಕುಸ್ಥಾಪನೆಯಾದ ಕಾರ್ಖಾನೆಯನ್ನು ನಡೆಯುತ್ತಿರುವ ಕಾರ್ಖಾನೆಯ ಜೊತೆ ಕೂಡಿಸುತ್ತೇವೆ. ಹೊರದೇಶದಿಂದ ಬಂದ ಸೆಲ್ಲುಗಳನ್ನು ಇಲ್ಲಿ ಬೆಸೆದು ಡಬ್ಬಿಗೆ ತುಂಬಿದರೆ ಅದು ದೇಶೀಯ ಉತ್ಪಾದನೆ. ಒಂದು ಕಚೇರಿಯ ಮುನ್ನೋಟ ನೋಡಿ ಇನ್ನೊಂದು ಕಚೇರಿ ಬರೆಯುತ್ತದೆ, ಎರಡನ್ನೂ ನೋಡಿ ಮೊದಲನೆಯದು ತಿದ್ದಿಕೊಳ್ಳುತ್ತದೆ, ಕೊನೆಗೆ ಎಲ್ಲರೂ ಒಪ್ಪುತ್ತಾರೆ ಎಂದು ಪತ್ರಿಕೆ ಬರೆಯುತ್ತದೆ. ಇದನ್ನೆಲ್ಲ ತಿಳಿದೂ ಬರೆಯುತ್ತೇನೆ. ತಿಳಿದು ಬರೆಯುವವನಿಗೂ ತಿಳಿಯದೆ ಬರೆಯುವವನಿಗೂ ಸಂಬಳದಲ್ಲಿ ವ್ಯತ್ಯಾಸವಿಲ್ಲ.

ಹಬ್ಬಕ್ಕೆ ಮೊದಲು ಒಮ್ಮೆ ಅಂಗಡಿಗೆ ಹೋಗಿದ್ದೆ, ಭಾವನನ್ನು ತಡೆಯಲೆಂದೇ. ಅಲ್ಲಿ ಅವರ ಹೊಸ ಪಾಲುದಾರ ಕೂತಿದ್ದ. ಹುಬ್ಬಳ್ಳಿ ಕಡೆಯ ಇಂಜಿನಿಯರು, ಕೆಂಗೇರಿ ಉಪನಗರದ ಒಂದು ಶೆಡ್ಡಿನಲ್ಲಿ ಪ್ಯಾಕ್ ಜೋಡಿಸುತ್ತಿದ್ದ. ನಾನು ಸುತ್ತಿ ಬಳಸದೆ ಕೇಳಿದೆ.

“ಸೆಲ್ ಎಲ್ಲಿಂದ ಬರುತ್ತೆ?”

“ಸದ್ಯಕ್ಕ ಹೊರಗಿಂದ ಬರ್ತಾವ್ರಿ ಸರ. ಮುಂದ ಇಲ್ಲೇ ಮಾಡ್ತಾರ.”

“ಯಾರು ಮಾಡ್ತಾರೆ?”

“ಯಾರರ ಮಾಡ್ತಾರ್ರಿ. ನಿಮ್ಮ ಆಫೀಸಿನವರ ಹಂಗ ಬರದಾರಲ್ರೀ.” ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ನಮ್ಮದೇ ಗೆರೆ, ನಮ್ಮದೇ ಹಸಿರು ಬಣ್ಣ. ಕೆಳಗೆ ಸೀಸದ ಕಾಲ ಮುಗಿಯುತ್ತಿದೆ ಎಂಬ ಅರ್ಥದ ಒಂದು ಸಾಲು. ಅದನ್ನು ಬರೆದದ್ದು ನಾನೋ, ಪಕ್ಕದ ಕುರ್ಚಿಯವನೋ, ಎಷ್ಟು ಯೋಚಿಸಿದರೂ ಗೊತ್ತಾಗಲಿಲ್ಲ. ನಮ್ಮ ಸಾಲುಗಳು ಯಾರು ಬರೆದರೂ ಹಾಗೇ ಇರುತ್ತವೆ.

ಭಾವ ನಕ್ಕರು. “ಏನಯ್ಯ, ಆಫೀಸಲ್ಲಿ ಕೂತ್ಕೊಂಡು ಏರಿಸ್ತೀಯ, ನನ್ನ ಅಂಗಡಿಗ್ ಬಂದು ಇಳಿಸ್ತೀಯ?”

“ಅದು ಕಂಪನಿಯವರಿಗೆ ಬರೆಯೋದು ಭಾವ. ನಿಮ್ಮಂಥೋರಿಗಲ್ಲ.”

“ನಮ್ಮಂಥೋರು ಅಂದ್ರೆ?” ನಗು ನಿಂತಿತು. “ಮುದ್ದೆ ಉಣ್ಣೋವಾಗ ಒಂದು, ಈಗ ಒಂದು. ಓದಿರೋರ ನಾಲಿಗೇಲಿ ಪ್ಲಸ್ ಟರ್ಮಿನಲ್ ಯಾವ್ದು, ಮೈನಸ್ ಯಾವ್ದು ಗೊತ್ತಾಗಲ್ಲ.”

ಕಾಫಿ ಕುಡಿಯದೆ ಎದ್ದು ಬಂದೆ.

ಆಯುಧಪೂಜೆಯ ದಿನ ಹೋಗಲೇಬೇಕಾಯಿತು, ಅಕ್ಕ ಫೋನ್ ಮಾಡಿದ್ದಳು. ಆ ಅಂಗಡಿಯಲ್ಲಿ ಪೂಜೆಗೆ ಒಂದು ಕ್ರಮವಿದೆ. ಬೆಳಿಗ್ಗೆ ಭಾವ ಟವೆಲ್ ಸುತ್ತಿ, ಬರಿಗಾಲಲ್ಲಿ, ಇದ್ದಬದ್ದ ಬ್ಯಾಟರಿಗಳನ್ನೆಲ್ಲ ಹೊರಗಿಟ್ಟು ಅಡುಗೆ ಸೋಡಾ ಕಲಸಿದ ನೀರಲ್ಲಿ ತಾವೇ ತೊಳೆಯುತ್ತಾರೆ. ಟರ್ಮಿನಲ್ಲಿನ ಮೇಲೆ ಕಟ್ಟಿದ ಬಿಳಿ ಹಸಿರು ಉಪ್ಪು ನೊರೆಯೆದ್ದು ಹೋಗುತ್ತದೆ. ಬೇರೆ ಯಾರಿಗೂ ಮುಟ್ಟಲು ಬಿಡುವುದಿಲ್ಲ. ತೊಳೆದು ಒರೆಸಿ, ವಿಭೂತಿ ಬಳಿದು, ಕುಂಕುಮವಿಟ್ಟು, ಸೇವಂತಿಗೆ ಸಿಕ್ಕಿಸಿದರೆ ಬ್ಯಾಟರಿಗಳು ಮಡಿಯಲ್ಲಿ ಕೂತ ಹಿರಿಯರಂತೆ ಕಾಣುತ್ತವೆ.

ಈ ಸಲ ಬೆಂಚಿನ ಮೇಲೆ ಕೆಂಗೇರಿಯಿಂದ ತಂದಿಟ್ಟ ಲಿಥಿಯಂ ಪ್ಯಾಕುಗಳೂ ಇದ್ದವು. ಮೇಲುಮುಚ್ಚಳ ಇನ್ನೂ ಹಾಕಿರಲಿಲ್ಲ, ಸೆಲ್ಲುಗಳ ಸಾಲು ಮತ್ತು ಸರ್ಕ್ಯೂಟ್ ಹಲಗೆ ಬಯಲಿಗೇ ಇದ್ದವು. ಅವಕ್ಕೂ ವಿಭೂತಿ, ಅವಕ್ಕೂ ಸೇವಂತಿಗೆ. ಅವು ಒದ್ದೆಯಾಗಿ ಹೊಳೆಯುತ್ತಿದ್ದವು. ಇದನ್ನು ನಾನು ಆಗಲೇ ನೋಡಿದೆನೋ, ಆಮೇಲೆ ನೆನಪು ತಾನಾಗಿ ಸೇರಿಸಿತೋ, ಈಗ ಹೇಳಲಾರೆ.

ಮಂಗಳಾರತಿಯ ಹೊತ್ತಿಗೆ ಅಂಗಡಿಯ ತುಂಬ ಹೊಗೆ.

“ಸಾಂಬ್ರಾಣಿ ಜಾಸ್ತಿ ಆಯ್ತು ಕಣ್ರೀ” ಎಂದು ಅಕ್ಕ ಕೆಮ್ಮಿದಳು.

“ಹಬ್ಬ ಅಂದ್ಮೇಲೆ ಹೊಗೆ ಇರ್ಬೇಕು ಕಣೇ. ಸುಮ್ನೆ ಕೈ ಮುಗಿ.”

ಆಗ ಬೆಂಚಿನ ಕಡೆಯಿಂದ ಕುಕ್ಕರ್ ಸೀಟಿಗೆ ಮೊದಲು ಬರುವಂಥ ಒಂದು ಸದ್ದು ಕೇಳಿಸಿತು. ಪಾಲುದಾರ ತಿರುಗಿ ನೋಡಿ ಕಿರುಚಿದ, “ಎಲ್ಲಾರೂ ಹೊರಗ ನಡೀರಿ! ನಡೀರಿ ಹೊರಗ!” ಶಟರ್ ಎಳೆಯುವ ಕೊಕ್ಕೆಯಿಂದ ಉರಿಯುತ್ತಿದ್ದ ಪ್ಯಾಕನ್ನು ಕೆಳಕ್ಕೆ ಬೀಳಿಸಿ ರಸ್ತೆಗೆ ಎಳೆದ. ಎದುರಿಗೆ ಕಟ್ಟುತ್ತಿದ್ದ ಕಟ್ಟಡದ ಮರಳಿನ ರಾಶಿ ಹತ್ತಿರವೇ ಇತ್ತು, ಎಲ್ಲರೂ ಬಾಚಿ ಬಾಚಿ ಹಾಕಿದೆವು. ಮರಳಿನೊಳಗಿಂದಲೂ ಅದು ಉಗುಳುತ್ತಲೇ ಇತ್ತು. ಒಡೆಯಬೇಕಿದ್ದ ಬೂದುಗುಂಬಳ ಯಾರದೋ ಕಾಲಿಗೆ ಸಿಕ್ಕಿ ಚರಂಡಿಗೆ ಉರುಳಿತು. ಪಕ್ಕದ ಲೇತ್ ಅಂಗಡಿಯವನು ಮೊಬೈಲ್ ಹಿಡಿದು, “ಏನಣ್ಣ, ದೀಪಾವಳಿ ಈ ಸಲ ಬೇಗ ಬಂತಾ?” ಎಂದ.

ಉಸಿರು ತಿರುಗಿದ ಮೇಲೆ ಪಾಲುದಾರ ಕೇಳಿದ, “ಅಣ್ಣಾರ, ಇದಕ್ಕ ನೀರು ಯಾರ್ ಹಾಕಿದ್ರಿ?”

“ನಾನೇ. ತೊಳೀದೆ ಪೂಜೆ ಹೆಂಗಯ್ಯ ಮಾಡೋದು?”

“ಸೋಡಾ ನೀರ್ರೀ?”

“ಮತ್ತೆ? ಟರ್ಮಿನಲ್ ಕ್ಲೀನ್ ಆಗ್ಬೇಡ್ವಾ?”

“ಇದೇನು ಎಮ್ಮೀನ್ರಿ, ಮೈ ತೊಳ್ಯಾಕ! ನೀರು ಒಳಗ ಹೋದ್ರ ಶಾರ್ಟ್ ಆಗಿ ಹತ್ಕೋತೈತ್ರಿ!” ಎಂದು ಅವನು ಹಣೆ ಹಣೆ ಬಡಿದುಕೊಂಡ.

ನನಗೆ ಒಳಗೊಳಗೇ ಸಂತೋಷವಾಯಿತು. ಯಾರಿಗೂ ಸುಟ್ಟಗಾಯವಾಗಿರಲಿಲ್ಲ, ಬೆಂಚು ನೆಟ್ಟಗಿತ್ತು, ಹಳೆಯ ಬ್ಯಾಟರಿಗಳು ಹಾಗೇ ಕೂತಿದ್ದವು. ಇಡೀ ಉದ್ಯಮದ ಹಸಿರು ಗೆರೆ ರಸ್ತೆಯ ಮರಳಿನಡಿ ಹೊಗೆಯಾಡುತ್ತಿತ್ತು. “ನಾನು ಹೇಳಿರಲಿಲ್ವಾ ಭಾವ?” ಎಂದೆ.

“ಏನ್ ಹೇಳಿದ್ದೆ? ತೊಳೀಬೇಡಿ ಅಂದಿದ್ಯಾ?”

“ಇದನ್ನ ನಂಬಬೇಡಿ ಅಂದಿದ್ದೆ.”

“ಮಾಲು ಸರಿಯಾಗೇ ಐತೆ. ನೀರು ಹಾಕಿದ್ದು ನನ್ ತಪ್ಪು. ಮಾರ್ಕೆಟ್ಟು ಏರುತ್ತೆ ಅಂತ ನೀನ್ ಹೇಳಿದ್ಯಲ್ಲ, ಅದ್ರಲ್ಲಿ ತಪ್ಪೇನೂ ಕಾಣಿಸ್ತಿಲ್ಲ ನಂಗೆ.”

ಮಸಿ ಹಿಡಿದ ಮುಖದಲ್ಲಿ ಅಷ್ಟು ಶಾಂತವಾಗಿ ಹೇಳಿದರೆ ಹೊಡೆಯೋಣವೆನ್ನಿಸುತ್ತದೆ. ಒಳಗೆ ಪಾತ್ರೆ ಜೋಡಿಸುತ್ತಿದ್ದ ಅಕ್ಕನ ಹತ್ತಿರ ಹೋದೆ. ಆ ಭಾನುವಾರ ಮೂರನೆಯವಳಾಗಿ ಇದ್ದವಳು ಅವಳೊಬ್ಬಳೇ.

“ನೀನೇ ಹೇಳು. ಅವತ್ತು ನಾನೇನಂದೆ?”

“ನೀನು ಏನೂ ಅನ್ಲಿಲ್ಲ ಕಣೋ” ಎಂದಳು, ತಲೆಯೆತ್ತದೆ. “ಮೊಬೈಲ್ ನೋಡ್ತಾ ಇದ್ದೆ. ಅವರೇ ಮಾತಾಡಿ, ಅವರೇ ‘ಅಲ್ವೇನೋ’ ಅಂದ್ರು. ನೀನು ತಲೆ ಆಡಿಸ್ದೆ.”

ನಂಬಲಿಲ್ಲ. ಅವಳು ಒಲೆಯ ಕಡೆ ತಿರುಗಿದ್ದಳು, ನನ್ನ ತಲೆ ಅವಳಿಗೆ ಕಾಣುವಂತಿರಲಿಲ್ಲ. ಅಥವಾ ಒಲೆಯ ಕಡೆ ತಿರುಗಿದ್ದಳು ಎಂಬುದು ನಾನು ಈಗ ಹೊಂದಿಸಿಕೊಂಡದ್ದು. ಅಂದು ಸಾರು ಯಾವುದಿತ್ತು ಎಂದು ಕೇಳಲು ಬಾಯಿ ತೆರೆದೆ. ಅವಳು ಮೂರನೆಯ ಸಾರಿನ ಹೆಸರು ಹೇಳಿಬಿಟ್ಟರೆ ಎಂದು ಹೆದರಿ ಸುಮ್ಮನಾದೆ.

ವಿಜಯದಶಮಿಯ ಮಧ್ಯಾಹ್ನ ಮತ್ತೆ ಹೋದೆ. ಭಯ ಬಿದ್ದಾದರೂ ನಿಲ್ಲಿಸಿರುತ್ತಾರೆ ಎಂದುಕೊಂಡಿದ್ದೆ. ಬೆಂಚು ಫುಟ್‌ಪಾತಿನ ಮೇಲಿತ್ತು. ಭಾವ ಸುತ್ತಿಗೆಯಿಂದ ಹಲಗೆಗಳನ್ನು ಬಿಡಿಸುತ್ತಿದ್ದರು. ಮರ ಆಸಿಡ್ಡಿಗೆ ಒಳಗಿನಿಂದ ಪೂರಾ ಬೆಂದಿತ್ತು, ಮೊಳೆ ಕೀಳಬೇಕಾಗಿಯೇ ಇರಲಿಲ್ಲ, ಕೈಯಲ್ಲೇ ಬರುತ್ತಿತ್ತು. ಒಳಗೆ ಪಾಲುದಾರ ಗೋಡೆಗೆ ಹೊಸ ಕಬ್ಬಿಣದ ರ‍್ಯಾಕ್ ಹೊಡೆಯುತ್ತಿದ್ದ.

“ನಾನು ಹಾಗೆ ಹೇಳ್ಲಿಲ್ಲ ಭಾವ” ಎಂದೆ. “ಇದು ನಿಂತುಹೋದ್ರೆ ನನ್ ಹೆಸರು ಎತ್ತಬೇಡಿ.”

“ಏರಿದ್ರೆ ಎತ್ಲಾ?”

ಉತ್ತರಕ್ಕೆ ಕಾಯದೆ ಭಾವ ಹಲಗೆಯ ಒಂದು ತುದಿ ಎತ್ತಿ ನನ್ನ ಕಡೆ ನೋಡಿದರು. ಇನ್ನೊಂದು ತುದಿ ಹಿಡಿದೆ. ಗುಜರಿಯವನ ತಳ್ಳುಗಾಡಿಗೆ ಹಾಕಿ ಬಂದೆವು.

“ಮುಂದಿನ ವರ್ಷ ಪೂಜೆಗ್ ಬರೋವಾಗ ಒಣ ಬಟ್ಟೆ ತಗೊಂಡ್ ಬಾ” ಎಂದರು. “ಇನ್ಮೇಲೆ ಒರೆಸೋದಷ್ಟೇ.”

ಮನೆಗೆ ಬಂದು ನೋಡಿದರೆ ಹೊಸ ಅಂಗಿಯ ಎದೆಯ ಮೇಲೆ, ಹಲಗೆ ತಾಗಿದ ಕಡೆ, ತೂತುಗಳು ಬೀಳತೊಡಗಿದ್ದವು.