ಕೊಳಕ್ಕೆ ಇಳಿದವರು ಯಾರು

ಬೆನ್ನಿನ ಆಪರೇಷನ್ ಆದ ಮೇಲೆ ನನ್ನ ಗಂಡನಿಗೆ ಡಾಕ್ಟರು ಈಜಲು ಹೇಳಿದರು. ರಿಪ್ಪನ್‌ಪೇಟೆಯ ಆಸುಪಾಸಿನಲ್ಲಿ ಈಜುಕೊಳ ಎಲ್ಲಿಂದ ಬರಬೇಕು? ಇವರು ಹಟ ಹಿಡಿದು ಮನೆಯ ಹಿಂದೆಯೇ ಚಿಕ್ಕದೊಂದನ್ನು ಕಟ್ಟಿಸಿದರು. ಬೇಲಿಯಾಚೆಗಿನ ಮನೆ ಭಾವನದು. ಭಾವನ ಹೆಂಡತಿ, ನನ್ನ ವಾರಗಿತ್ತಿ, ಬಂದು ನೋಡಿ, "ಸೊಳ್ಳೆ ಸಾಕೋಕೆ ಇಷ್ಟು ಚಂದದ ಕೆರೆ ಎಂತಕ್ಕೆ ಮಾರಾಯ್ತಿ?" ಎಂದು ಹೋದರು. ನಾನು ಅವರನ್ನು ಅಕ್ಕ ಎನ್ನುತ್ತೇನೆ. ಆದರೂ ಆ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತು.

ನೀರು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಸಂಜೆ ಹೊಸನಗರದ ಬ್ಯಾಂಕಿನಿಂದ ಬಂದವಳೇ ಕ್ಲೋರಿನ್ ಪುಡಿ ಕದಡಿ ಹಾಕುತ್ತಿದ್ದೆ, ಗೋಡೆ ಉಜ್ಜುತ್ತಿದ್ದೆ. ನೀರು ಸೋಸುವ ಫಿಲ್ಟರಿನ ಮೋಟರು ಹಗಲೆಲ್ಲ ಓಡುತ್ತಿರಬೇಕು. ಬೆಳಿಗ್ಗೆ ಸಣ್ಣ ಗಾಜಿನ ಕೊಳವೆಯಲ್ಲಿ ನೀರು ಹಿಡಿದು ಔಷಧದ ಹನಿ ಬಿಟ್ಟು ನೋಡುತ್ತಿದ್ದೆ. ಹಳದಿಯಾದರೆ ಕ್ಲೋರಿನ್ ಇದೆ. ಬಣ್ಣ ಬರದಿದ್ದರೆ ಖಾಲಿಯಾಗಿದೆ, ಇನ್ನು ಪಾಚಿ ಬಂದ ಹಾಗೇ.

ಆ ವರ್ಷ ಮಳೆ ನಿಂತು ಬಿಸಿಲು ಬಿದ್ದ ಮೇಲೆ ಏನೋ ಎಡವಟ್ಟಾಯಿತು. ಬೆಳಿಗ್ಗೆ ಚೆನ್ನಾಗಿ ಹಳದಿ ತೋರಿಸಿದ ನೀರು ಸಂಜೆಗೆ ಏನೂ ತೋರಿಸುತ್ತಿರಲಿಲ್ಲ. ಏಣಿಯ ಸಂದಿಯಲ್ಲಿ ಲೋಳೆ, ಮೂಲೆಗಳಲ್ಲಿ ಹಸಿರು. ಪುಡಿಯೇ ಕಲಬೆರಕೆ ಇರಬೇಕೆಂದು ಬೇರೆ ಕಡೆಯಿಂದ ಹೊಸ ಡಬ್ಬ ತರಿಸಿದೆ. ಅದೇ ಕಥೆ. ಒಂದು ಸಂಜೆ ನೀರಿನಂಚಿನ ಟೈಲ್ಸ್ ಉಜ್ಜುವಾಗ ಕೈ ಜಿಡ್ಡಾಯಿತು. ಗಂಡನತ್ತ ತಿರುಗಿದೆ.

"ಬೆನ್ನಿಗೆ ತೈಲ ಹಚ್ಕೊಂಡೇ ಇಳೀತಿದ್ದೀರಲ್ವಾ?"

"ನನ್ನ ಬೆನ್ನಾಣೆಗೂ ಇಲ್ಲ!"

ಅವರ ಟವೆಲ್ ಮೂಸಿದೆ, ಟೈಲ್ಸನ್ನೂ ಮೂಸಿದೆ. ತೈಲದ ವಾಸನೆಯಲ್ಲ, ಹರಳೆಣ್ಣೆಯದು. ನಮ್ಮ ಮನೆಯಲ್ಲಿ ಹರಳೆಣ್ಣೆ ಮುಟ್ಟುವವರೇ ಇಲ್ಲ. ಅಕ್ಕನ ತಲೆ ಮಾತ್ರ ವರ್ಷವಿಡೀ ಅದರಲ್ಲೇ ಮಿಂದಿರುತ್ತದೆ. ಕೊಳ ಕೆಡಲಿ, ಇವರು ಬೇಸತ್ತು ಮುಚ್ಚಲಿ ಎಂದು ಎಣ್ಣೆ ಸುರಿಯುತ್ತಿದ್ದಾರೆಯೇ? ಬೇಲಿಯ ಗೇಟಿನ ಚಿಲಕ ತೆಗೆದಿರುವುದೂ ಈಗ ಕಣ್ಣಿಗೆ ಬಿತ್ತು. ಸಾಗರದ ನೆಂಟರ ಗೃಹಪ್ರವೇಶಕ್ಕೆ ಹೊರಟ ದಿನ ಅಕ್ಕ ತಲೆನೋವೆಂದು ಉಳಿದರು. ಊಟ ನನಗೆ ಸೇರಲಿಲ್ಲ. ವಾಪಸು ಬಂದು ನೋಡಿದರೆ ಕೊಳದ ಅಂಚು ಒದ್ದೆ.

ಯಾರಿಗೂ ಹೇಳದೆ ಅರ್ಧ ದಿನ ರಜೆ ಹಾಕಿದೆ. ಸ್ಕೂಟರನ್ನು ರಸ್ತೆಯಲ್ಲೇ ಬಿಟ್ಟು, ಬಚ್ಚಲಿನ ಗೋಡೆಯ ಮರೆಯಲ್ಲಿ ನಿಂತು ಇಣುಕಿದೆ. ಅಕ್ಕ ನೀರಿನಲ್ಲಿದ್ದರು! ಹಳೆಯ ನೈಟಿ, ಎಣ್ಣೆ ಹೊಳೆಯುವ ತುರುಬು, ಎರಡೂ ಕೈಯಲ್ಲಿ ಏಣಿ ಹಿಡಿದು ಪಟಪಟ ಕಾಲು ಬಡಿಯುತ್ತಿದ್ದರು. ನೋಡನೋಡುತ್ತಲೇ ಏಣಿ ಬಿಟ್ಟರು. ಮಾರುದ್ದ ಸಾಗಿದ್ದರೇನೋ, ಮುಳುಗಿದರು. ನಾನು "ಅಕ್ಕಾ!" ಎಂದು ಕಿರುಚಿ ಓಡಿದೆ. ಅಷ್ಟರಲ್ಲಿ ಅವರೇ ಕೆಮ್ಮುತ್ತಾ ಏಣಿ ಹಿಡಿದಿದ್ದರು.

"ಒಬ್ರೇ ಇಳಿದಿದ್ದೀರಲ್ಲ, ಹೆಚ್ಚುಕಮ್ಮಿ ಆಗಿದ್ರೆ? ನಂಗೊಂದು ಮಾತು ಹೇಳಬಾರ್ದಾ?"

"ಸೊಳ್ಳೆ ಕೆರೆ ಅಂತ ಆಡ್ಕೊಂಡಿದ್ನಲ್ಲ, ಆಮೇಲೆ ಯಾವ ಮುಖ ಇಟ್ಕೊಂಡು ಕೇಳ್ಲಿ?" ಅಕ್ಕ ಮುಖ ಒರೆಸಿಕೊಂಡರು. "ತೀರ್ಥಹಳ್ಳಿ ಹೊಳೆ ದಂಡೇಲಿ ಹುಟ್ಟಿದೋಳು ನಾನು. ಅಣ್ಣ ತಮ್ಮಂದಿರೆಲ್ಲ ಈಜಿದ್ರು. ನಂಗೆ ಹೊಳೆ ಅಂದ್ರೆ ಬಟ್ಟೆ ಒಗೆಯೋಕಷ್ಟೇ."

ನನ್ನ ಸಂಶಯ ಅಷ್ಟಕ್ಕೇ ಬಿಡಲಿಲ್ಲ. "ಮತ್ತೆ ಇಷ್ಟು ಎಣ್ಣೆ?"

"ಕ್ಲೋರಿನ್ನಿಗೆ ಕೂದ್ಲು ಉದುರುತ್ತಂತಲ್ಲ ಮಾರಾಯ್ತಿ. ಅದಕ್ಕೇ ಜಾಸ್ತಿ ಹಚ್ತಿದ್ದೆ."

ಹಾಕಿದ ಕ್ಲೋರಿನ್ನೆಲ್ಲ ಆ ಎಣ್ಣೆಯ ಮೇಲೆಯೇ ಮುಗಿದು, ಪಾಚಿಯನ್ನು ತಡೆಯಲು ಏನೂ ಉಳಿಯುವುದಿಲ್ಲ ಎಂದು ಬಿಡಿಸಿ ಹೇಳಿದೆ. ಮರುದಿನದಿಂದ ಅವರು ತಲೆಗೆ ಸೀಗೆ ಹಾಕಿ ತೊಳೆದು, ಟೋಪಿ ಹಾಕಿಕೊಂಡು, ಸಂಜೆ ನಾನಿರುವಾಗಲೇ ಇಳಿಯತೊಡಗಿದರು. ನೀರು ತಿಳಿಯಾಯಿತು.

ಕೆಲವು ವಾರಗಳಾದ ಮೇಲೆ ಮತ್ತೆ ಹಸಿರು ಕಂಡಿತು. ನಾನು ಅಕ್ಕನನ್ನೇ ನೋಡಿದೆ.

"ನನ್ನ ತಲೆ ಮೂಸಿ ನೋಡು ಬೇಕಾದ್ರೆ," ಎಂದು ಬಗ್ಗಿದರು. ನಾಚಿಕೆಯಿಲ್ಲದೆ ಮೂಸಿದೆ. ಸೀಗೆಯ ವಾಸನೆ ಬಿಟ್ಟರೆ ಇನ್ನೇನೂ ಇಲ್ಲ. ಅಕ್ಕ ಸ್ವಲ್ಪ ಯೋಚಿಸಿ, "ಈಗ ಮಧ್ಯಾಹ್ನ ನಿಮ್ಮ ಫಿಲ್ಟರ್ ಮೋಟರ್ ಸದ್ದೇ ಕೇಳೋದಿಲ್ವಲ್ಲ?" ಎಂದರು.

ಮಧ್ಯಾಹ್ನ ಅಂಗಡಿಯಿಂದ ಊಟಕ್ಕೆ ಬಂದು ಒಂದು ನಿದ್ದೆ ತೆಗೆಯುವವರು ನನ್ನ ಗಂಡ. ಇಬ್ಬರೂ ಹೋಗಿ ಅವರೆದುರು ನಿಂತೆವು.

"ನಿದ್ದೆ ಬರಲ್ಲ ಅಂತ ಅರ್ಧ ಗಂಟೆ ಆಫ್ ಮಾಡ್ತೀನಿ, ಅಷ್ಟೇ."

"ಆಮೇಲೆ ಆನ್ ಮಾಡೋರು ಯಾರು?" ಅಕ್ಕ ಕೇಳಿದರು.

"ಮರೆತು ಅಂಗಡಿಗೆ ಹೋಗ್ತಿದ್ದೆ," ಎಂದು ಒಪ್ಪಿಕೊಂಡರು. ಅವತ್ತೇ ಅವರ ಮಂಚ ಮೋಟರಿನ ಸದ್ದು ಕೇಳದ ಮುಂದಿನ ಕೋಣೆಗೆ ಹೋಯಿತು. ಗೋಡೆಯ ಪಾಚಿಯನ್ನೂ ಅವರಿಂದಲೇ ಉಜ್ಜಿಸಿದೆವು.

ಈಗ ಅಕ್ಕ ಏಣಿ ಬಿಟ್ಟು ಆಚೆ ಬದಿ ಮುಟ್ಟಿ ಬರುತ್ತಾರೆ. ಭಾವನಿಗೆ ಇದೊಂದೂ ಗೊತ್ತಿಲ್ಲ ಎಂದೇ ಅವರ ನಂಬಿಕೆ. ಸಂಜೆ ಅವರು ನೀರಿಗಿಳಿದಾಗ ಆ ಮನೆಯ ಮಹಡಿಯ ಕಿಟಕಿಯಲ್ಲಿ ಪರದೆ ಸರಿಯುವುದನ್ನು ನಾನು ನೋಡಿದ್ದೇನೆ. ಅಕ್ಕನಿಗೆ ಹೇಳಿಲ್ಲ.