ಕಲ್ಲಿನ ಸ್ವಾಮಿಯ ಹಣೆ

ನಾವು ವಿಲಾಯತಿಯ ಕೆಂಟನ್‌ನಲ್ಲಿದ್ದ ಆ ದಿನಗಳಲ್ಲಿ ಧಾರವಾಡದಿಂದ ಅಜ್ಜಿ ಬಂದಳೆಂದರೆ ಮನೆಯೆಲ್ಲ ವಿಭೂತಿಯ, ಬೆಳ್ಳುಳ್ಳಿ ಒಗ್ಗರಣೆಯ ವಾಸನೆ. ಒಂದು ಚಳಿಗಾಲ ನಮ್ಮ ಶಾಲೆಯವರು ನಗರದ ಹಳೆಯ ಚರ್ಚೊಂದರಲ್ಲಿ ಕ್ರಿಸ್‌ಮಸ್ ಹಾಡಿನ ಕಾರ್ಯಕ್ರಮ ಇಟ್ಟಿದ್ದರು. ಅಪ್ಪ ಆಸ್ಪತ್ರೆಗೆ ರಜೆ ಹಾಕಿ ಅಜ್ಜಿಯನ್ನೂ ಕರೆದುಕೊಂಡು ಬಂದ.

ಟ್ಯೂಬ್ ರೈಲಿನಲ್ಲಿ ಕೂತು, ಟೀಚರ್ ಹೇಳಿದ್ದನ್ನೆಲ್ಲ ಅಜ್ಜಿಗೆ ಒಪ್ಪಿಸಿದೆ. ಅದು ಮೊದಲು ಸನ್ಯಾಸಿಗಳ ಮಠವಾಗಿತ್ತು. ಅರಸನೊಬ್ಬ ಅದನ್ನು ಮುಚ್ಚಿಸಿ ಅರ್ಧ ಕೆಡವಿಸಿದ. ಉಳಿದರ್ಧವನ್ನು ಓಣಿಯ ಜನ ತಮ್ಮ ಚರ್ಚು ಮಾಡಿಕೊಂಡರು. ಮಠ ಕಟ್ಟಿಸಿದವನ ಸಮಾಧಿ ಒಳಗೇ ಇದೆ.

"ಹಂಗಾರ ಮೊದಲನೇ ಸ್ವಾಮಿಗೋಳ ಗದ್ದುಗಿ ಅದು," ಅಂದಳು ಅಜ್ಜಿ. "ಅರಸ ಬಿಟ್ಟರೂ ಜನ ಬಿಟ್ಟಿಲ್ಲ ನೋಡು."

ನಮ್ಮೂರಿನ ಮಠದಲ್ಲೂ ಹಳೆಯ ಸ್ವಾಮಿಗಳ ಗದ್ದುಗೆಗೆ ದಿನಾ ಪೂಜೆ ನಡೆಯುತ್ತಿತ್ತು.

ಹಾಡು ಮುಗಿದು ಎಲ್ಲರೂ ಹಬ್ಬದ ಸಿಹಿತಿಂಡಿ ಮಿನ್ಸ್ ಪೈ ತಿನ್ನುತ್ತಿದ್ದಾಗ ನೋಡುತ್ತೇನೆ, ಅಜ್ಜಿ ಬೂಟು ಬಿಚ್ಚಿಟ್ಟು ಸಮಾಧಿಯ ಮುಂದೆ ಕೈಮುಗಿದು ನಿಂತಿದ್ದಾಳೆ. ಸಮಾಧಿಯ ಮೇಲೆ ಮಲಗಿದ ಕಲ್ಲಿನ ಮೂರ್ತಿಯ ಬಣ್ಣ ಬಳಿದ ಹಣೆಗೆ ಮೂರು ಬೆರಳಿನ ವಿಭೂತಿ. ಗೆಳತಿಯರು ಕಿಸಕ್ಕನೆ ನಕ್ಕರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅಪ್ಪ ಓಡಿ ಬಂದ. "ಅವ್ವಾ, ಬುದ್ಧಿ ಐತೇನು ನಿನಗ? ಕಂಡಕಂಡಲ್ಲೆ ಕೈ ಹಾಕಬ್ಯಾಡ ಅಂತ ಎಷ್ಟ ಸಲ ಹೇಳಬೇಕು?" ಅನ್ನುತ್ತಲೇ ಕರವಸ್ತ್ರ ಒದ್ದೆ ಮಾಡಿ ಆ ಹಣೆಯನ್ನು ಗಸಗಸ ಉಜ್ಜಿದ.

ಚರ್ಚು ನೋಡಿಕೊಳ್ಳುವ ವಯಸ್ಸಾದ ಹೆಂಗಸು ಅವಸರವಾಗಿ ಬಂದು ಇಂಗ್ಲಿಷಿನಲ್ಲಿ ಹೇಳಿದರು, "ಪ್ಲೀಸ್, ಉಜ್ಜಬೇಡಿ. ಒಣ ಬೂದಿ ತಾನೇ, ನಾವೇ ಬ್ರಷ್‌ನಲ್ಲಿ ತೆಗೆಯುತ್ತಿದ್ದೆವು." ಅಷ್ಟರಲ್ಲಿ ಶತಮಾನಗಳ ಬಣ್ಣ ಅಪ್ಪನ ಕರವಸ್ತ್ರಕ್ಕೆ ಹತ್ತಿತ್ತು.

"ಸಾರಿ, ನಮ್ಮ ತಾಯಿಗೆ ಗೊತ್ತಾಗಲಿಲ್ಲ," ಅಂದ ಅಪ್ಪ.

ಅಜ್ಜಿಗೆ ಇಂಗ್ಲಿಷ್ ಬಾರದು. ಬಣ್ಣ ಹೋದದ್ದಷ್ಟೇ ಕಂಡಿತು. ಮನೆ ಮುಟ್ಟುವವರೆಗೂ "ಸ್ವಾಮಿಗೋಳ ಮಾರಿ ಕೆಡಿಸಿಬಿಟ್ಟೆನಲ್ಲೋ," ಅನ್ನುತ್ತ ಕೂತಿದ್ದಳು. ಕೆಡಿಸಿದ್ದು ಅವಳಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಅಪ್ಪ ಕಿಟಕಿಯಾಚೆ ನೋಡುತ್ತಿದ್ದ. ನಾನೂ ಬಾಯಿ ಬಿಡಲಿಲ್ಲ. ಅವತ್ತು ಅಜ್ಜಿಯ ಬಗ್ಗೆ ಪಟ್ಟ ನಾಚಿಕೆ ಈಗ ನಮ್ಮ ಬಗ್ಗೆಯೇ ಆಗುತ್ತದೆ.

ನನ್ನ ಮಗ ಹುಟ್ಟಿದಾಗ ಅಜ್ಜಿ ಅಕ್ಸ್‌ಬ್ರಿಡ್ಜ್‌ನ ನಮ್ಮ ಫ್ಲಾಟಿಗೆ ಬಂದಳು. ಯಾರ ಕೂಸಾದರೂ ಕೇಳದೆ ಎತ್ತಿ ಮುದ್ದಾಡುತ್ತಿದ್ದವಳು ತೊಟ್ಟಿಲ ಪಕ್ಕ ಕೈ ಹಿಂದೆ ಕಟ್ಟಿಕೊಂಡು ನಿಂತಳು. ನನ್ನ ಮುಖ ನೋಡಿ ಕೇಳಿದಳು: "ಮುಟ್ಟಲೇನವ್ವ?"